ಕೋಳಿಗೂಡಿನ ನವಿಲು ಕೋಟೆಗೆ ಹೋದದ್ದು

ಸವಣೂರಿನಿಂದ ಬೆಳಗಿನ ಆರೂವರೆಯ ಬಸ್ಸು ಹಿಡಿದೆ. ಹೆಂಗಸರ ಟಿಕೆಟ್, ಶಿಗ್ಗಾವಿಗೆ ಸೊನ್ನೆ ರೂಪಾಯಿ. ಚೀಲದಲ್ಲಿ ದಪ್ಪ ಕೈಗವಸು, ಒಂದು ಕಪ್ಪು ಬಟ್ಟೆ, ಅಮ್ಮಿ ದಾರಿಯಲ್ಲಿ ತಿನ್ನಲೆಂದು ತುರುಕಿದ ಖಾರದ ಪೊಟ್ಟಣ. ದೂರದ ಮೃಗಾಲಯವೊಂದರಲ್ಲಿ ಪ್ರಾಣಿಪಾಲಕರ ತರಬೇತಿಗೆ ಸೇರಿ ಏಳು ತಿಂಗಳಾಗಿತ್ತು. ಸಗಣಿ ಬಾಚುವುದು, ಹಣ್ಣು ಹೆಚ್ಚುವುದು, ಯಾವ ಪ್ರಾಣಿ ಎಷ್ಟು ತಿಂದಿತೆಂದು ಬರೆದಿಡುವುದು, ಅಲ್ಲಿಯವರೆಗೆ ಇಷ್ಟೇ ಕೆಲಸ. ಒಂದು ಹಕ್ಕಿಯನ್ನು ನಾನೇ ಹಿಡಿದು, ಸಾಗಿಸಿ, ಬಿಡುವ ದಿನ ಇದೇ ಮೊದಲು. ರಜೆಗೆ ಊರಿಗೆ ಬಂದಾಗಲೇ ಅದು ಒದಗಿತ್ತು.

ಹಿರೇಕೆರೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಕೋಳಿಗಳ ಹಿಂದೆ ಸಾಲುಹಿಡಿದು ನಡೆಯುವ ನವಿಲಿನ ವಿಡಿಯೊ ಎಲ್ಲರ ಫೋನಿಗೂ ಬಂದಿತ್ತು. ನವಿಲನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ. ಅದನ್ನು ಮೃಗಾಲಯಕ್ಕೆ ತರಬೇಕೆಂದು ತೀರ್ಮಾನವಾಗಿತ್ತು. ಬಂಕಾಪುರದ ಕೋಟೆಯಲ್ಲಿ ಅಷ್ಟು ನವಿಲುಗಳಿವೆ, ಅಲ್ಲೇ ಬಿಡಬಾರದೇಕೆ ಎಂದು ಕೇಳಿದವಳು ನಾನು. ನಮಗೆ ಪಾಠ ಹೇಳುವ ಡಾಕ್ಟರ್ ಮೇಡಂ ಫೋನಿನಲ್ಲಿ ಒಂದು ಷರತ್ತು ಹಾಕಿದರು.

“ನಿಯಮದಂತೆ ಹದಿನೈದು ದಿನ ಬಲೆಮನೆಯಲ್ಲಿಟ್ಟು ಹೊರಗಿನ ಬದುಕಿಗೆ ಹೊಂದಿಸಿ ಬಿಡಬೇಕು, ಅಷ್ಟು ದೊಡ್ಡದು ಈಗ ಖಾಲಿಯಿಲ್ಲ. ಒಂದು ಸಂಜೆ ನೋಡು. ಕತ್ತಲಾಗುವುದರೊಳಗೆ ಮರವೇರಿ ಬೇರೆ ನವಿಲುಗಳ ಜೊತೆ ಕೂತರೆ ಬಿಟ್ಟು ಬಾ. ಮನುಷ್ಯರ ಹತ್ತಿರ ಬಂದರೆ ಬಿಡಬೇಡ, ನಾಯಿಯ ಪಾಲಾಗುತ್ತದೆ,” ಎಂದರು.

ಶಿಗ್ಗಾವಿಯಲ್ಲಿ ಅರಣ್ಯ ಇಲಾಖೆಯ ಕಾವಲುಗಾರ ನಾಗಪ್ಪ ಜೀಪಿನಲ್ಲಿ ಮರದ ಪೆಟ್ಟಿಗೆ ಏರಿಸಿಕೊಂಡು ಕಾಯುತ್ತಿದ್ದ. ಓಡಿಸುವವನೂ ಅವನೇ.

“ಹುಲಿ ಹಿಡ್ಯಾಕ ಹೊಂಟೀವೇನವಾ ಶಾಹೀನಾ, ಇಷ್ಟ ದಪ್ಪ ಕೈಗವಸಾ?” ನನ್ನ ಚೀಲದಿಂದ ಇಣುಕಿದ್ದನ್ನು ನೋಡಿ ಕೇಳಿದ.

“ಉಗುರು ಹರಿತ ಇರ್ತಾವ್ರಿ ಕಾಕಾ.”

“ನನ್ನ ಹೆಂಡ್ತೀವು ನೋಡಿಲ್ಲ ನೀ,” ಎಂದು ಗೇರು ಹಾಕಿದ.

ಹಾನಗಲ್ಲಿನಲ್ಲಿ ಗಿರಮಿಟ್ಟು, ಎರಡು ಮಿರ್ಚಿ, ಚಹಾ. ನಾಗಪ್ಪ ನನಗೆ ದುಡ್ಡು ಕೊಡಲು ಬಿಡಲಿಲ್ಲ. ಭತ್ತದ ಚೀಲ ತುಂಬಿದ ಟ್ರಾಕ್ಟರುಗಳ ಹಿಂದೆ ತಿಳವಳ್ಳಿಯವರೆಗೆ ನಿಧಾನವಾಗಿ ಹೋದೆವು. ಅಲ್ಲಿಂದಾಚೆ ರಸ್ತೆಯ ಅರ್ಧಕ್ಕೆ ಗೋವಿನಜೋಳ ಒಣಹಾಕಿದ್ದರು. ಹಳ್ಳಿ ಮುಟ್ಟಿದಾಗ ಹನ್ನೊಂದು ದಾಟಿ ಬಿಸಿಲು ಏರಿತ್ತು.

ಹನುಮವ್ವ ಎಪ್ಪತ್ತರ ಹತ್ತಿರದ ಹೆಂಗಸು. ಬೈಯುತ್ತಾಳೆಂದು ಅಂದುಕೊಂಡಿದ್ದೆ, ಆದರೆ ಕುಡಿಯಲು ಮಜ್ಜಿಗೆ ಕೊಟ್ಟಳು.

“ಜ್ವಾಳಾ ಕೊಯ್ಯಾಗ ನಾಕು ತತ್ತಿ ಸಿಕ್ಕುವು. ನವಲು ಹಾರಿಹೋತು. ತಾಯಿ ಬಿಟ್ಟ ತತ್ತಿ ಬಿಸಲಾಗ ಹೆಂಗ ಬಿಟ್ಟು ಬರ್ಲಿ? ಕಾವಿಗೆ ಕುಂತ ಕೋಳಿ ಬುಡಕ ಇಟ್ಟೆ. ಇದೊಂದು ಉಳೀತು.”

ಮನುಷ್ಯರು ದೂರ ಸರಿದರೆ ತಾಯಿ ನವಿಲು ಬಹುಶಃ ತತ್ತಿಗೆ ಮರಳುತ್ತದೆ ಎಂದು ಪಾಠದಲ್ಲಿ ಕೇಳಿದ್ದೆ. ಆದರೆ ಈ ಕಡೆ ಹೊಲದಲ್ಲಿ ತತ್ತಿ ಸಿಕ್ಕರೆ ಯಾರಾದರೂ ಮಾಡುವುದು ಅದನ್ನೇ.

ಆ ನವಿಲಿಗೆ ಉದ್ದ ಗರಿ ಇನ್ನೂ ಬಂದಿರಲಿಲ್ಲ, ಕತ್ತು ಮಾತ್ರ ನೀಲಿಯಾಗಿತ್ತು. ಹಿತ್ತಲಿನಿಂದ ಹೊಲಕ್ಕೆ, ಹೊಲದಿಂದ ಪಕ್ಕದ ಮನೆಯ ಮಾಳಿಗೆಗೆ ಹೋಗಿ ಬರುತ್ತಿತ್ತು. ಕಟ್ಟಿಹಾಕಿದವರಿಲ್ಲ. ನಾನು ಬಟ್ಟೆ ಹಿಡಿದು ಹತ್ತಿರ ಹೋದಾಗಲೆಲ್ಲ ಬೇಲಿ ಹಾರಿತು. ಮುಕ್ಕಾಲು ಗಂಟೆ ಹೀಗೇ ಕಳೆಯಿತು. ಕೊನೆಗೆ ಹನುಮವ್ವನೇ ರೊಟ್ಟಿಯ ಚೂರು ಹಿಡಿದು ಕೂತು “ಬ ಬ ಬ ಬಾ” ಎಂದಳು. ಕೋಳಿಗಳ ಜೊತೆ ಅದೂ ಓಡಿಬಂತು. ನಾನು ಹಿಂದಿನಿಂದ ಬಟ್ಟೆ ಹಾಕಿದೆ.

“ಎಲ್ಲಿ ಬಿಡ್ತೀಯವಾ?”

“ಕೋಟ್ಯಾಗ್ರಿ ಅಜ್ಜಿ. ಅಲ್ಲೆ ಇದರ ಮಂದಿ ಭಾಳ ಅದಾವು. ಗಿಡಾ ಏರಿ ಅವುಗಳ ಜೋಡಿ ಕುಂತ್ರ ಬಿಟ್ಟು ಬರ್ತೇವ್ರಿ.”

“ಗಿಡಾ ಏರಿ ಕುಂತಿತೋ ಇಲ್ಲೋ, ಸಂಜಿಕ ಫೋನ್ ಮಾಡಿ ಹೇಳು. ಅಲ್ಲೀತನಾ ಗೂಡಿನ ಬಾಗಲಾ ತೆಗದಿಟ್ಟಿರ್ತೇನಿ.”

ಮರಳುವಾಗ ಪೆಟ್ಟಿಗೆಯ ಮೇಲೆ ಒದ್ದೆ ಗೋಣಿ ಹೊದಿಸಿದೆವು. ಹಾನಗಲ್ಲಿಗೆ ಮೊದಲು ಹುಣಸೆಮರದ ನೆರಳಿನಲ್ಲಿ ನಿಂತು ನೋಡಿದಾಗ ನವಿಲು ಬಾಯಿ ತೆರೆದು ತೇಕುತ್ತಿತ್ತು. ಸಾಗಿಸುವ ಪ್ರಾಣಿಯ ಜೊತೆ ಮಾತಾಡಬಾರದೆಂಬುದು ನಮ್ಮ ಮೊದಲ ಪಾಠ. ನೀರಿನ ಬಟ್ಟಲಿಟ್ಟು ಸುಮ್ಮನೆ ಪಕ್ಕದಲ್ಲಿ ಕೂತೆ. ಕಾಲು ಗಂಟೆಗೆ ಬಾಯಿ ಮುಚ್ಚಿತು.

“ನೀವು ಸಾಕೋ ಮಂದಿನೋ, ಸಿಟ್ಟಿಗೆದ್ದ ಬೀಗರೋ,” ಎಂದ ನಾಗಪ್ಪ. “ಒಂದ ಮಾತೂ ಇಲ್ಲ.”

ಕೋಟೆಗೆ ಬಂದಾಗ ನಾಲ್ಕೂವರೆ. ಕಂದಕದ ದಂಡೆಯಲ್ಲಿ ಪೆಟ್ಟಿಗೆಯ ಬಾಗಿಲು ಮೇಲೆತ್ತಿ, ಐವತ್ತು ಹೆಜ್ಜೆ ಹಿಂದೆ ಬಂದು ಕಲ್ಲಿನ ಮರೆಗೆ ಕೂತೆವು. ಅದು ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದ ಮೇಲೆ ನೆಲ ಕೆದರಿತು, ಥೇಟು ಕೋಳಿಯ ಹಾಗೆ. ಪೊದೆಗಳಿಂದ ಹತ್ತಾರು ನವಿಲುಗಳು ಹೊರಟು ಅದರ ಪಕ್ಕದಲ್ಲೇ ಹಾದುಹೋದವು. ಅವು ಬೇವಿನಮರಕ್ಕೆ ಒಂದೊಂದಾಗಿ ಹಾರಿದವು. ಬೆಳಕು ಕೆಂಪಾಗುವಾಗ ನಮ್ಮದೂ ಕತ್ತು ಚಾಚಿ ನೋಡಿತು. ಒಮ್ಮೆ ಹಾರಿ ತಪ್ಪಿತು. ಎರಡನೆಯ ಸಲ ಕೆಳಗಿನ ಕೊಂಬೆ ಸಿಕ್ಕಿತು. ಅಲ್ಲಿಂದ ಇನ್ನೊಂದಕ್ಕೆ.

ನಾಗಪ್ಪ ನನ್ನ ಬೆನ್ನು ತಟ್ಟಿದ. ನಾನು ಸಮಯ ಬರೆದುಕೊಳ್ಳಲು ಪೆನ್ನು ತೆಗೆದೆ.

ಕೋಟೆಯ ಗೋಡೆಯಾಚೆ ಒಂದಷ್ಟು ಮನೆಗಳಿವೆ. ಅಲ್ಲೊಬ್ಬ ಹೆಂಗಸು ಕೋಳಿಗಳನ್ನು ಗೂಡಿಗೆ ಸೇರಿಸಲು ಹೊರಗೆ ಬಂದಿದ್ದಳು. ಆ ಹೊತ್ತಿಗೆ ಕೋಳಿ ಸಾಕಿದ ಎಲ್ಲ ಮನೆಗಳಲ್ಲೂ ಮಾಡುವ ಕೆಲಸವದು.

“ಬ ಬ ಬ ಬಾ,” ಎಂದಳು.

ನವಿಲು ಕೊಂಬೆ ಬಿಟ್ಟು ಇಳಿಯಿತು. ನೆಲ ಮುಟ್ಟಿದ್ದೇ ಓಡಿತು, ಗೋಡೆಯ ಬಿರುಕು ದಾಟಿ ಅವಳ ಅಂಗಳಕ್ಕೆ. ನಾವು ಅಲ್ಲಿಗೆ ತಲುಪುವಷ್ಟರಲ್ಲಿ ಕೋಳಿಗಳ ಹಿಂದೆ ಸಾಲಿನಲ್ಲಿ ಕೊನೆಯದಾಗಿ ನಿಂತು, ಒಳಗೆ ಹೋಗಲು ತನ್ನ ಸರದಿ ಕಾಯುತ್ತಿತ್ತು. ಹೆಂಗಸು ಸೆರಗು ಬಾಯಿಗಿಟ್ಟು ನಗುತ್ತಿದ್ದಳು.

“ಇದ್ಯಾರದರಿ?”

ಈ ಸಲ ಬಟ್ಟೆಯೂ ಬೇಕಾಗಲಿಲ್ಲ, ಎರಡು ಕೈಯಲ್ಲಿ ಎತ್ತಿಕೊಂಡೆ. ಒಂದು ಸಾರಿಯೂ ಒದೆಯಲಿಲ್ಲ. ಮೇಡಂಗೆ ಫೋನು ಮಾಡಿದೆ. “ತಂದುಬಿಡು. ಇನ್ನು ಅದನ್ನು ಹೊರಗೆ ಬಿಡುವ ಹಾಗಿಲ್ಲ,” ಎಂದರು.

ಹನುಮವ್ವನಿಗೆ ಜೀಪಿನಿಂದಲೇ ಫೋನು ಮಾಡಿದೆ.

“ಗಿಡಾ ಏರಿತೇನವಾ?”

“ಏರಿತ್ರಿ ಅಜ್ಜಿ. ಆಮ್ಯಾಲೆ ಯಾರೋ ಕೋಳಿ ಕರದ್ರು. ಇಳದು ಬಂತು.”

“ಹಂಗಾರ ಇಲ್ಲಿಗೆ ತರ್ತೀಯೇನು?”

“ಇಲ್ರಿ. ಮೃಗಾಲಯದಾಗ ಇಡ್ತಾರ. ತಂತಿ ಜಾಲಿ ಒಳಗ. ಚಲೋ ನೋಡ್ಕೋತೇವ್ರಿ.”

ಫೋನಿನಲ್ಲಿ ಅವಳ ಹಿಂದೆ ಕೋಳಿಯೊಂದು ಕೊಕ್ಕೊಕ್ಕೆಂದಿತು.

“ನಮ್ಮನ್ಯಾಗ ಇದ್ದಾಗ ಅದು ಹೊರಗ ಇತ್ತಲ್ಲವಾ,” ಎಂದಳು.

ಮೊದಲು ಫೋನು ಇಟ್ಟದ್ದು ಯಾರೆಂದು ನೆನಪಿಲ್ಲ. ನಾಗಪ್ಪ ಜೀಪನ್ನು ಸವಣೂರಿನ ಕಡೆಗೆ ತಿರುಗಿಸಿದ. ಅವನು ರಾತ್ರಿಯೇ ಪೆಟ್ಟಿಗೆಯನ್ನು ಮೃಗಾಲಯಕ್ಕೆ ಮುಟ್ಟಿಸಬೇಕಿತ್ತು. ನಾನು ಸೋಮವಾರ ಹೋಗಿ ಸೇರುವವಳು. ಆ ದಿನದಿಂದ ಅದರ ಕಾಳು, ನೀರು, ಲೆಕ್ಕ ನನ್ನದು ಎಂದು ಮೇಡಂ ಹೇಳಿದ್ದರು. ಮೂರು ದಿನದ ಹಿಂದೆ ಕೇಳಿದ್ದರೆ ಸಂತೋಷಪಡುತ್ತಿದ್ದೆ.

ಬಸ್ ನಿಲ್ದಾಣದ ಹತ್ತಿರ ಇಳಿದು ಗೋಣಿ ಎತ್ತಿ ಒಮ್ಮೆ ನೋಡಿದೆ. ವೀಳ್ಯದೆಲೆಯ ಪೆಂಡಿ ಇಳಿಸುವವರ ಗದ್ದಲದ ನಡುವೆಯೂ ಅದು ಕಾಲು ಮಡಚಿ ಕೂತಿತ್ತು. ಜೀಪು ಹೊರಟಿತು. ನಾಳೆ ಬೆಳಿಗ್ಗೆ ಯಾರೋ ತೆಗೆಯುತ್ತಾರೆಂಬ ನಂಬಿಕೆಯಿಂದ ಗೂಡಿನ ಕೋಳಿ ಕೂರುವ ಹಾಗೆ, ನವಿಲು ಪೆಟ್ಟಿಗೆಯ ಬಾಗಿಲಿನ ಕಡೆಗೇ ಮುಖ ಮಾಡಿತ್ತು.