ಕೈಯಲ್ಲಿ ಕತ್ತರಿ ಇಲ್ಲದಾಗ

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಬ್ಬ ಕ್ಷೌರದಂಗಡಿ ಇಟ್ಟುಕೊಂಡಿದ್ದ. ಹೆತ್ತವರು ಏನು ಹೆಸರಿಟ್ಟಿದ್ದರೋ, ಊರಿನ ಬಾಯಲ್ಲಿ ಅವನು ರೇಡಿಯೋ. ಗಿರಾಕಿಯ ಕೊರಳಿಗೆ ಬಟ್ಟೆ ಸುತ್ತಿದನೋ, ಬಾಯಿ ಶುರು. ಕತ್ತರಿ ಕಚಕಚ ಎನ್ನುವಷ್ಟು ಹೊತ್ತೂ ಮಾತು ನಿಲ್ಲದು.

ಇಂಥವನಿಗೆ ಈಗ ಒಂದು ಸಂಕಟ ಬಂದಿತ್ತು. ಓಣಿಯ ಅಂಗಡಿಗಳನ್ನು ಕೆಡವಿ, ಎಲ್ಲರನ್ನೂ ಹೊಸ ಕಟ್ಟಡದ ಮೂರನೇ ಮಹಡಿಗೆ ಕಳಿಸುವುದಾಗಿ ಪುರಸಭೆ ಹೇಳಿತ್ತು. ಅವನ ಗಿರಾಕಿಗಳಲ್ಲಿ ಅರ್ಧ ಮಂದಿ ಕೋಲೂರಿ ಬರುವ ಮುದುಕರು. ಆ ಮೆಟ್ಟಿಲು ಹತ್ತುವವರು ಯಾರು? ಓಣಿಯ ಪರವಾಗಿ ಪುರಸಭೆಯ ಸಭೆಯಲ್ಲಿ ಒಬ್ಬರು ಮಾತಾಡಬಹುದು ಎಂದಾಗ ಎಲ್ಲರೂ ಇವನತ್ತಲೇ ಬೆರಳು ತೋರಿಸಿದ್ದರು.

ಅಂಗಡಿಯಲ್ಲೇ ತಾಲೀಮು ನಡೆಯಿತು. ಗಿರಾಕಿಗಳ ಗಡ್ಡಕ್ಕೆ ನೊರೆ ಬಳಿಯುತ್ತಾ, ಕನ್ನಡಿಯೊಳಗಿನ ಮುಖ ನೋಡುತ್ತಾ ಭಾಷಣವನ್ನು ಗಡಗಡನೆ ಒಪ್ಪಿಸಿದ.

"ಒಬ್ರಾದ್ರೂ ತಪ್ಪು ಹಿಡಿದಿದ್ರೆ ಕೇಳು" ಎಂದು ರಾತ್ರಿ ಮನೆಯಲ್ಲಿ ಹೆಂಡತಿಯ ಮುಂದೆ ಬೀಗಿದ.

"ಕುತ್ತಿಗೆ ಹತ್ರ ಕತ್ತಿ ಇಟ್ಟಿದ್ರೆ ಯಾರು ಎದುರು ಮಾತಾಡ್ತಾರ್ರೀ? ಎಲ್ಲಿ, ಖಾಲಿ ಕೈಲಿ ನಿಂತು ನನ್ ಮುಖ ನೋಡ್ಕೊಂಡು ಹೇಳಿ."

ನಿಂತ. "ಮಾನ್ಯರೇ" ಎಂದ. ಕಣ್ಣು ಅವಳ ಕಿವಿ ಪಕ್ಕದ ಗೋಡೆಗೆ ಜಾರಿತು. ಎರಡೂ ಕೈ ಯಾರದೋ ಕೈಗಳ ಹಾಗೆ ಜೋತುಬಿದ್ದವು. ಮುಂದಿನ ಮಾತು ಬರಲೇ ಇಲ್ಲ. ತನ್ನ ಮೇಲಿನ ಸಿಟ್ಟಿಗೆ, "ನೀನು ಹಾಗೆ ದುರುಗುಟ್ಟಿದ್ರೆ ಯಾರಿಗೆ ಮಾತು ಬರುತ್ತೆ?" ಎಂದು ಅವಳ ಮೇಲೇ ಹರಿಹಾಯ್ದ.

ಪಕ್ಕದಂಗಡಿಯ ಟೈಲರ್ ಅವಳ ತಮ್ಮ. ಮರುದಿನ ಇದನ್ನು ಕೇಳಿ, "ಮುಂದೆ ಕೂತಿರೋರೆಲ್ಲ ಕುಂಬಳಕಾಯಿ ಅಂದ್ಕೊಂಬಿಡು ಭಾವ" ಎಂದ.

"ಕುಂಬಳಕಾಯಿ ಕಣ್ಣು ಬಿಟ್ಕೊಂಡು ನೋಡಲ್ವಲ್ಲೋ."

ಸಭೆಯ ದಿನ ವೇದಿಕೆ ಹತ್ತಿದ. ಮೈಕು ಕಿರ್ರೆಂದಿತು. ಎದುರಿಗೆ ಕನ್ನಡಿಯಿಲ್ಲ, ಬರೀ ಮುಖಗಳು. "ಮಾನ್ಯರೇ" ಎಂದ. ಮೈಕು ಸರಿಮಾಡಿಕೊಂಡು ಮತ್ತೆ "ಮಾನ್ಯರೇ" ಎಂದ.

"ಏನ್ ರೇಡಿಯೋ, ಸ್ಟೇಷನ್ ಸಿಗ್ತಿಲ್ವಾ?" ಎಂದು ಯಾರೋ ಕೂಗಿದರು. ಸಭೆ ಗೊಳ್ಳೆಂದಿತು.

ಮುಂದಿನ ಸಾಲಿನಲ್ಲಿದ್ದ ಪುರಸಭೆಯ ಅಧ್ಯಕ್ಷೆ ಗಡಿಯಾರ ನೋಡಿಕೊಂಡರು. "ಹೇಳೋದಿದ್ರೆ ಹೇಳಿ, ಇಲ್ಲಾಂದ್ರೆ ಮುಂದಿನ ವಿಷಯ ತಗೋತೀವಿ."

ಅವಮಾನಕ್ಕೆ ಕಿವಿ ಬಿಸಿಯಾಯಿತು. ದಡದಡ ಇಳಿದು, ಕುರ್ಚಿಗಳನ್ನೆಲ್ಲ ದಾಟಿ, ಹಿಂದಿನ ಬಾಗಿಲಿಗೆ ನಡೆದ. ಓಣಿಯವರಿಗೆ ಏನೆಂದು ಮುಖ ತೋರಿಸಲಿ ಎಂದುಕೊಳ್ಳುತ್ತಾ ಹೊಸ್ತಿಲಲ್ಲಿ ಒಮ್ಮೆ ತಿರುಗಿದ. ತಿರುಗಿದರೆ, ಸಾಲು ಸಾಲು ತಲೆಗಳ ಹಿಂಭಾಗ. ಇದು ಎರಡು ಸುಳಿಯದು, ಅದು ಕಿವಿ ಹಿಂದೆ ಗಾಯದ ಗುರುತಿನದು. ಹೆಚ್ಚುಕಡಿಮೆ ಎಲ್ಲವೂ ಅವನ ಕೈಯಲ್ಲಿ ಪಳಗಿದ ತಲೆಗಳೇ. ಅರಿವಿಲ್ಲದೆ ಕೈ ಜೇಬಿಗೆ ಹೋಗಿ ಬಾಚಣಿಗೆ ಹಿಡಿಯಿತು.

"ಯಾರೂ ತಿರುಗ್ಬೇಡಿ. ತಲೆ ನೆಟ್ಟಗಿಡಿ" ಎಂದ.

ಅಭ್ಯಾಸಬಲ ನೋಡಿ, ಅಷ್ಟೂ ತಲೆಗಳು ಸೆಟೆದು ನಿಂತವು. ಮಾತು ತಾನಾಗಿಯೇ ಹರಿಯಿತು. "ಕೈ ನಡುಗೋ ಅಜ್ಜ ಒಬ್ಬರಿದ್ದಾರೆ, ಗಡ್ಡಕ್ಕೆ ನನ್ ಹತ್ರಾನೇ ಬರ್ತಾರೆ. ಮೂರನೇ ಮಹಡಿ ಹತ್ತಿಸಿದ್ರೆ, ನಾನು ಕತ್ತಿ ಮಸೆಯೋ ಮೊದ್ಲೇ ಅವರ ಉಸಿರು ನಿಲ್ಲುತ್ತೆ. ನಮಗೆ ನೆಲದ ಮೇಲೆ ಜಾಗ ಕೊಡಿ ಅಂತ ಕೇಳ್ತಿರೋದು ಯಾಕಂದ್ರೆ—"

ಆಗ ಒಂದು ತಲೆ ತಿರುಗಿತು. ಅವನ ಕುರ್ಚಿಯಲ್ಲಿ ಎಂದೂ ಕೂರದ ಅಧ್ಯಕ್ಷೆಯದು. ಕಣ್ಣಿಗೆ ಕಣ್ಣು ಸೇರಿತು. ಮಾತು ಅಲ್ಲಿಗೇ ಕಡಿದುಹೋಯಿತು.

ಅವರು ಕೈಲಿದ್ದ ಕಾಗದದಲ್ಲಿ ಏನೋ ಗೀಚಿಕೊಂಡರು. "ಆಯ್ತು. ಮುಂದಿನ ಸಭೆವರೆಗೂ ಅಂಗಡಿ ಕೆಡವಲ್ಲ. ಅವತ್ತು ಪೂರ್ತಿ ಹೇಳಿ. ಆದ್ರೆ ಇಲ್ಲಿ, ಎದುರಿಗೆ ನಿಂತು."

"ಗೆದ್ದೆ ಭಾವ" ಎಂದು ಹೊರಗೆ ಟೈಲರ್ ಬೆನ್ನು ತಟ್ಟಿದ.

"ಗೆದ್ದಿದ್ದೇನೋ ಮಣ್ಣು. ಮತ್ತೆ ಮಾತಾಡ್ಬೇಕಂತೆ."

ಮನೆಗೆ ಬಂದು ಗೊಣಗುತ್ತಲೇ ಕೈಕಾಲು ತೊಳೆದ. ಸುದ್ದಿ ಅವನಿಗಿಂತ ಮೊದಲೇ ಬಂದಿತ್ತು. ಹೆಂಡತಿ ಕುರ್ಚಿ ಎಳೆದು ಎದುರಿಗೇ ಕೂತಳು.

"ಬಾಚಣಿಗೆ ಬೇಕಾದ್ರೆ ಹಿಡ್ಕೊಳ್ಳಿ. ಗೋಡೆ ಮಾತ್ರ ನೋಡೋ ಹಾಗಿಲ್ಲ."

ಅವನು ಹಲ್ಲು ಕಚ್ಚಿಕೊಂಡು ಅವಳ ಮುಖ ನೋಡಿದ. "ಮಾನ್ಯರೇ" ಎಂದ.