ಕಾಫಿ ಕಣದಲ್ಲೊಂದು ಉಪದೇಶ

ಯಾರಾದರೂ ಒಳ್ಳೆಯ ಮಾತು ಹೇಳಿದರೆ, ಅದು ಯಾರಿಗೆ ತಾಗಬೇಕು ಎಂದು ಅಕ್ಕಪಕ್ಕ ನೋಡುವುದು ನನ್ನ ಹುಟ್ಟುಗುಣ. ಹರಿಕಥೆಯಲ್ಲಿ ಜಿಪುಣನ ಪ್ರಸಂಗ ಬಂದರೆ ನನ್ನ ಕಣ್ಣು ವಸ್ತಾರೆಯ ಸೋದರಮಾವನ ಕಡೆಗೇ ಹೋಗುತ್ತದೆ. ನನ್ನ ಎರಡು ಕಿವಿಗಳೂ ಬೇರೆಯವರಿಗಾಗಿಯೇ ದುಡಿಯುತ್ತವೆ.

ತೊಂಬತ್ತರ ದಶಕದಲ್ಲಿ ಗೋಣಿಬೀಡಿನಲ್ಲಿ ಬಸ್ಸಿಳಿದು ನಮ್ಮ ತೋಟಕ್ಕೆ ನಡೆದು ಬರುತ್ತಿದ್ದ ಕ್ರೈಸ್ತ ಉಪದೇಶಿಯೊಬ್ಬರಿದ್ದರು, ಸಾಮುವೇಲಪ್ಪ ಎಂದು. ಬಗಲಿಗೊಂದು ಚೀಲ, ಯಾರು ಏನಂದರೂ ಕೆಡದ ಮುಖ. ಒಂದು ಜನವರಿಯಲ್ಲಿ ಕಣದಲ್ಲಿ ಕಾಫಿ ಹರವುತ್ತಿದ್ದವರ ನಡುವೆ ನಿಂತು, ಕ್ರಿಸ್ತ ಹೇಳಿದ ಬಿತ್ತುವವನ ಕಥೆ ಹೇಳಿದರು. ಒಬ್ಬ ಬೀಜ ಚೆಲ್ಲಿದ. ಕೆಲವು ದಾರಿಗೆ ಬಿದ್ದವು, ಕೆಲವು ಬಂಡೆಗೆ, ಕೆಲವು ಮುಳ್ಳಿಗೆ, ಉಳಿದವು ಒಳ್ಳೆಯ ಮಣ್ಣಿಗೆ. ಬೀಜವೆಂದರೆ ದೇವರ ಮಾತು, ನೆಲವೆಂದರೆ ಕೇಳುವವರ ಮನಸ್ಸು.

ಕಾಫಿಯವರಿಗೆ ಮಾತ್ರ ಬೀಜದ ಕಥೆ ಹೇಳಬಾರದು. ನೆಂಟನಾಗಿ ಬಂದಿದ್ದ ಸೋದರಮಾವ ಕೂಡಲೇ, "ಅಲ್ರೀ, ಪಾತಿ ಮಾಡಿ, ಚಪ್ಪರ ಹಾಕಿ ಊರೋ ಬೀಜಾನ ಬಂಡೆ ಮೇಲೆ ಚೆಲ್ಲಿದ್ನಾ? ಅವನತ್ರ ಮೇಸ್ತ್ರಿ ಇರ್ಲಿಲ್ವಾ?" ಎಂದರು. ಆಳುಗಳ ಕೆಲಸ ನೋಡಿಕೊಳ್ಳುವ ನಮ್ಮ ಮೇಸ್ತ್ರಿ ಮಂಜಯ್ಯನಿಗೆ ಅದು ಚುಚ್ಚಿತು. "ಮೇಸ್ತ್ರಿ ಇದ್ದಿರ್ತಾನೆ ಗೌಡ್ರೆ, ಅವನ ಮಾತು ಯಾರು ಕೇಳ್ತಾರೆ?" ಎಂದ. ಅಂಗಡಿಯ ರುದ್ರಪ್ಪನವರು "ಇದನ್ನೇ ನಮ್ಮ ಶರಣರೂ ಹೇಳಿದ್ದಾರೆ" ಎಂದು ತಲೆದೂಗಿದರು. ಯಾರು ಏನು ಹೇಳಿದರೂ ಅವರ ಶರಣರು ಮೊದಲೇ ಹೇಳಿರುತ್ತಾರೆ. ಕಾಫಿ ಹರವುತ್ತಿದ್ದ ಚೆನ್ನಮ್ಮ ಮಂಡಿನೋವಿಗೊಂದು ಪ್ರಾರ್ಥನೆ ಮಾಡಿಸಿಕೊಂಡು ನೆಮ್ಮದಿಯಿಂದ ಕೆಲಸಕ್ಕೆ ಹೋದಳು.

ನಾನೋ, ಇವರು ಬಂಡೆ, ಇವರು ಮುಳ್ಳು ಎಂದು ಎಲ್ಲರನ್ನೂ ವಿಂಗಡಿಸುತ್ತಾ ಸುಖವಾಗಿದ್ದೆ.

ಊಟಕ್ಕೆ ಕೂತಾಗ ಸಾಮುವೇಲಪ್ಪನವರು ಇನ್ನೊಂದು ಮಾತು ಹೇಳಿದರು: ದೇವರಿಗೆ ಕಾಣಿಕೆ ಇಡುವ ಮೊದಲು, ಮನಸ್ತಾಪವಾದ ಅಣ್ಣನ ಹತ್ತಿರ ಹೋಗಿ ರಾಜಿಯಾಗಿ ಬರಬೇಕಂತೆ. "ಎಂಥಾ ಮಾತು" ಎಂದು ಮೆಚ್ಚಿ ಅವರ ಎಲೆಗೆ ಇನ್ನೊಂದು ಕಡುಬು ಬಡಿಸಿದೆ.

ಅಡುಗೆಮನೆಯಿಂದ ನನ್ನ ಹೆಂಡತಿ ಶಾರದೆ, "ಮೆಚ್ಚಿದ್ದು ಸಾಕು. ಭಾನುವಾರ ಭಾವನೋರ ಮನೆ ಮದ್ವೆಗೆ ಹೊರಡ್ತೀರೋ ಇಲ್ವೋ?" ಎಂದಳು.

ನಮ್ಮಿಬ್ಬರ ತೋಟಗಳ ನಡುವಿನ ಬೇಲಿಯ ಮರದ ಕೊಂಬೆ ಕಡಿಯುವಾಗ ನನ್ನ ಅಣ್ಣನ ಆಳುಗಳು ಅದನ್ನು ನನ್ನ ಕಾಫಿ ಗಿಡಗಳ ಮೇಲೆ ಕೆಡವಿದ್ದರು. ಅಂದಿನಿಂದ ಮೂರು ವರ್ಷ ಮಾತಿಲ್ಲ. ಈಗ ಅವನ ಮಗಳ ಮದುವೆ, ನಾನು ಹೆಗಲ ಮೇಲೆ ಹೊತ್ತು ತಿರುಗಿದ ಮಗು. ಇದಕ್ಕೂ ಹೋಗದಿದ್ದರೆ ಆ ಮನೆಯ ಬಾಗಿಲು ನನ್ನ ಪಾಲಿಗೆ ಮುಚ್ಚಿದಂತೆಯೇ ಎಂದು ಗೊತ್ತಿತ್ತು, ಸಂಕಟವೂ ಆಗುತ್ತಿತ್ತು. ಆದರೆ ಕರೆಯೋಲೆ ಬಂದದ್ದು ಅಂಚೆಯಲ್ಲಿ. ನಮ್ಮ ಕಡೆ ಮನೆಗೇ ಬಂದು ಕರೆಯದ ಮದುವೆಗೆ ಮರ್ಯಾದಸ್ಥರು ಹೋಗುವುದಿಲ್ಲ.

ಉಪದೇಶಿಗಳು ನಾನು ಬಡಿಸಿದ ಕಡುಬು ತಿನ್ನುತ್ತಿದ್ದರು. ಈ ಸಲ ಎಷ್ಟು ಅಕ್ಕಪಕ್ಕ ನೋಡಿದರೂ ಆ ಮಾತು ತಾಗಬೇಕಾದವನು ನಾನೊಬ್ಬನೇ.

ಶನಿವಾರವೇ ಹೊರಟೆ. ಅಣ್ಣನ ಮನೆ ಅವನ ತೋಟದ ಆಚೆ ತುದಿಗೆ, ರಸ್ತೆ ಸುತ್ತಿ ಹೋಗಬೇಕು; ಜೀಪಿನಲ್ಲಿ ದಾರಿಯುದ್ದಕ್ಕೂ, ಅಣ್ಣನನ್ನು ದೊಡ್ಡ ಮನಸ್ಸಿನಿಂದ ಕ್ಷಮಿಸುವ ನಾಲ್ಕು ಮಾತು ಹೊಂದಿಸಿಕೊಂಡೆ. ಅಂಗಳದಲ್ಲಿ ಚಪ್ಪರ ಏಳುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಅಣ್ಣ ಸಿಡುಕಿದ.

"ಈಗ ಬರೋದಾ ಮಾರಾಯ? ಲಗ್ನಪತ್ರಿಕೇಲಿ ನೆಂಟರನ್ನ ಕರೆಯೋರ ಸಾಲಲ್ಲಿ ನಿನ್ನ ಹೆಸ್ರೇ ಮೊದ್ಲು ಹಾಕ್ಸಿದೀನಿ. ಮನೆಯವ್ರೇ ನೆಂಟರ ಹಾಗೆ ಬಂದ್ರೆ ಹೆಂಗೆ?"

ಅಂಚೆಯಲ್ಲಿ ಬಂತೆಂಬ ಸಿಟ್ಟಿಗೆ ನಾನು ಆ ಕರೆಯೋಲೆಯನ್ನು ಬಿಡಿಸಿಯೇ ನೋಡಿರಲಿಲ್ಲ. ಕಣ್ಣು ಒದ್ದೆಯಾಯಿತು. ಅಣ್ಣ ನೋಡಿಬಿಟ್ಟಾನೆಂದು ಬೇಗ ಹೋಗಿ ಚಪ್ಪರದ ಕಂಬವೊಂದನ್ನು ಹಿಡಿದುಕೊಂಡೆ.