ಘಟ್ಟದ ಕೆರೆಯ ಕೆಳದಾರಿ

ದೆವ್ವ, ಪೀಡೆ, ಗಾಳಿ ಎಂದರೆ ನಗುವವರಲ್ಲಿ ನಾನೇ ಮೊದಲಿಗಳು. ಏಕಸಂಬಿಯಲ್ಲಿದ್ದ ನನ್ನ ಸೋದರತ್ತೆಯ ಪ್ರಕಾರ ಆ ಊರಿನ ಒಂದೊಂದು ಹುಣಸೆಮರದಲ್ಲೂ ಒಬ್ಬೊಬ್ಬರು ವಾಸವಾಗಿದ್ದರು. ಯಾರಿಗೆ ಯಾವ ಅಡುಗೆ ಇಷ್ಟ ಎಂಬುದೂ ಆಕೆಗೆ ಗೊತ್ತಿತ್ತು. "ಅತ್ತೀ, ಅವರಿಗೆಲ್ಲಾ ರೇಶನ್ ಕಾರ್ಡ್ ಆಗೇತೇನ?" ಎಂದು ನಾನು ಕಾಡಿಸುತ್ತಿದ್ದೆ. ಮುಂದೆ ಶಾಲೆಯಲ್ಲಿ ಕಲಿಸುವಾಗಲೂ ಮಕ್ಕಳಿಗೆ ಅದನ್ನೇ ಹೇಳಿದೆ, ಅಂಥದ್ದೇನೂ ಇಲ್ಲ, ಹೆದರಬೇಡಿ ಎಂದು. ಈಗಲೂ ಯಾರಾದರೂ ಕೇಳಿದರೆ ಹಾಗೇ ಹೇಳುತ್ತೇನೆ, ಆದರೆ ದನಿ ಮೊದಲಿನಷ್ಟು ಗಟ್ಟಿ ಇರುವುದಿಲ್ಲ. ಅದಕ್ಕೆ ಕಾರಣವಾದ ಒಂದು ಸಂಜೆಯನ್ನು ನಡೆದದ್ದು ನಡೆದಂತೆ ಬರೆಯುತ್ತೇನೆ. ನಂಬಿ ಎಂದು ಒತ್ತಾಯ ಮಾಡುವುದಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಖಂಡಿತ ನಗುತ್ತಿದ್ದೆ.

ಎಂಬತ್ತರ ದಶಕದ ಕೊನೆಯ ಮಾತು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ನಾನು ಚಿಕ್ಕೋಡಿಯಲ್ಲಿ ಪ್ರಾಥಮಿಕ ಶಾಲೆಯ ಅಕ್ಕೋರು, ನಮ್ಮ ಯಜಮಾನರದು ಅಲ್ಲೇ ಒಂದು ಸೈಕಲ್ ಅಂಗಡಿ. ಸೈಕಲ್ ಮಾರುವವರು ಸಾಮಾನ್ಯವಾಗಿ ತಾವು ಮೋಟರ್ ಸೈಕಲ್ ಮೇಲೆ ಓಡಾಡುತ್ತಾರೆ. ಇವರು ಮಾತ್ರ ಎರಡು ದಿನ ಬಿಡುವು ಸಿಕ್ಕರೆ ಸೈಕಲ್ ಹತ್ತಿ ರಾಯಬಾಗ, ಅಥಣಿ, ಕಾಗವಾಡ ಅಂತ ಹೊರಟುಬಿಡುವ ಜಾತಿ. ನಾನೂ ಸುಮ್ಮನೆ ಕೂಡುವವಳಲ್ಲ. ಸದಲಗಾದಲ್ಲಿ ಬೆಳೆದವಳು, ಲಂಗ ಎತ್ತಿಕಟ್ಟಿ ಹಾಲಿನ ಕ್ಯಾನು ಹೇರಿಕೊಂಡು ಡೇರಿಗೆ ಸೈಕಲ್ ತುಳಿದವಳು, ದೂಧಗಂಗೆಯಲ್ಲಿ ಗಂಡುಹುಡುಗರ ಸಮಕ್ಕೆ ಈಜಿದವಳು. ಅವರು ಮುಗಳಖೋಡದ ಕಡೆಯವರು. ಈಜು ಎಂದರೆ ಸೊನ್ನೆ. ಕೃಷ್ಣಾ ನದಿಗೆ ಹೋದರೂ ದಂಡೆಯ ಮೆಟ್ಟಿಲ ಮೇಲೆ ಕೂತು ತಂಬಿಗೆಯಿಂದ ಸ್ನಾನ ಮಾಡುತ್ತಿದ್ದರು. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ.

ಗಡಿಯಾಚೆ ಘಟ್ಟದ ನೆತ್ತಿಯ ಮೇಲೆ ದೊಡ್ಡದೊಂದು ಕೆರೆ ಇದೆ, ಅದರ ಸುತ್ತ ಗುಡ್ಡದ ಸೊಂಟಕ್ಕೆ ಕೆಮ್ಮಣ್ಣಿನ ರಸ್ತೆ ಇದೆ, ಒಂದು ದಿನದಲ್ಲಿ ಪೂರ್ತಿ ಸುತ್ತು ಹಾಕಬಹುದು ಎಂದು ನಿಪ್ಪಾಣಿಯ ತಂಬಾಕಿನ ಲಾರಿ ಡ್ರೈವರ್ ಒಬ್ಬ ಇವರ ಕಿವಿಗೆ ಹಾಕಿದ್ದ. ಮೇ ತಿಂಗಳ ರಜೆಯಲ್ಲಿ ಹೋಗುವುದೆಂದು ನಿಶ್ಚಯವಾಯಿತು. ಯಜಮಾನರ ತಾಯಿ, ನಮ್ಮತ್ತೆ, ಬಾಗಿಲಿಗೆ ಅಡ್ಡ ನಿಂತು, "ಗಂಡ ತುಳಿಯೂದು, ಹೇಣ್ತಿ ಹಿಂದ ಕುಂದ್ರೂದು ನೋಡೇನ್ವಾ. ಇಬ್ರೂ ಕೂಡಿ ತುಳಕೋಂತ ಹೋಗೂದು ನಮ್ಮ ವಂಶದಾಗ ಯಾರೂ ಕಂಡಿಲ್ಲ" ಎಂದರು. ಆಮೇಲೆ ತಾವೇ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟರು.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹಿಡಿದು ಕೂಗುವುದಿಲ್ಲ. ಮದುವೆಯಲ್ಲಿ ಎಲ್ಲರೂ ಕಾಡಿದಾಗ ಒಡಪು ಹಾಕಿ, ಪ್ರಾಸದ ಮಧ್ಯೆ ಹೆಸರನ್ನು ಸೇರಿಸಿ ಒಮ್ಮೆ ಹೇಳಿದ್ದೆ, ಅಷ್ಟೇ. ಬೇರೆಲ್ಲದರಲ್ಲೂ ಜೋರಿನವಳಾದ ನನಗೆ ಈ ಒಂದು ವಿಷಯದಲ್ಲಿ ಮಾತ್ರ ನಾಲಿಗೆ ಏಳುತ್ತಿರಲಿಲ್ಲ. ರಸ್ತೆಯಲ್ಲಿ "ರೀ" ಎಂದರೆ ನಾಲ್ಕು ಜನ ಗಂಡಸರು ತಿರುಗಿ ನೋಡುತ್ತಾರೆ. ಹಾಗಾಗಿ ನಾವಿಬ್ಬರೂ ಸೈಕಲ್ ಗಂಟೆಯಲ್ಲೇ ಮಾತಾಡುವ ರೂಢಿ ಮಾಡಿಕೊಂಡಿದ್ದೆವು. ನಾನು ಎರಡು ಸಲ ಬಾರಿಸಿದರೆ ‘ಎಲ್ಲಿದ್ದೀರಿ’ ಎಂದು ಅರ್ಥ. ಅವರು ಒಂದು ಸಲ ಬಾರಿಸಿದರೆ ‘ಇಲ್ಲೇ ಇದ್ದೇನೆ’ ಎಂದು. ಅವರ ಗಂಟೆ ಹಳೆಯ ಕಾಲದ ದಪ್ಪ ಹಿತ್ತಾಳೆಯದು. ಅದರ ನಾದ ಸಂತೆಯ ಗದ್ದಲದಲ್ಲೂ ನನಗೆ ಗುರುತು ಸಿಗುತ್ತಿತ್ತು.

ನಿಪ್ಪಾಣಿಯಲ್ಲಿ ಒಂದು ರಾತ್ರಿ ನೆಂಟರ ಮನೆಯಲ್ಲಿ, ಘಟ್ಟದ ಬುಡದ ಹಳ್ಳಿಯಲ್ಲಿ ಇನ್ನೊಂದು ರಾತ್ರಿ ಉಳಿದು ಮೇಲೆ ಹತ್ತಿದೆವು. ಹತ್ತಿದೆವು ಎನ್ನುವುದಕ್ಕಿಂತ ಸೈಕಲ್ ನೂಕಿಕೊಂಡು ಹೋದೆವು ಎನ್ನುವುದೇ ಸರಿ. ಕೆರೆಯ ಏರಿಯ ಹತ್ತಿರ ಒಬ್ಬ ಹೆಂಗಸು ಚಹಾದಂಗಡಿ ಇಟ್ಟಿದ್ದಳು. ಕೆರೆ ಸುತ್ತಲು ಹೊರಟಿದ್ದೇವೆ ಎಂದಾಗ ಆಕೆ ಬೆರಳು ತೋರಿಸಿ ಮರಾಠಿಯಲ್ಲಿ, "ಖಾಲ್ಚ್ಯಾ ರಸ್ತ್ಯಾನ ಜಾವೂ ನಕಾ, ತೋ ಸರಳ ಪಾಣ್ಯಾತ ಜಾತೋ" ಎಂದಳು. ಕೆರೆ ಕಟ್ಟುವ ಮೊದಲು ಓಡಾಡುತ್ತಿದ್ದ ಹಳೆಯ ಕಲ್ಲಿನ ರಸ್ತೆ ಬೇಸಿಗೆಯಲ್ಲಿ ನೀರು ಇಳಿದಾಗ ಹೊರಗೆ ಬೀಳುತ್ತದೆ. ಅದು ಮೇಲಿನ ರಸ್ತೆಯಿಂದ ಕವಲೊಡೆದು ಕೆಳಕ್ಕೆ ಇಳಿದು ನೇರವಾಗಿ ನೀರಿನೊಳಕ್ಕೆ ಹೋಗುತ್ತದೆ. ಅದನ್ನು ಹಿಡಿಯಬೇಡಿ ಎಂಬುದು ಆಕೆಯ ಮಾತು. ಯಜಮಾನರು ನಕ್ಕು, "ಅಕ್ಕಾ, ನೀರ ಕಂಡ್ರ ನಾ ಹತ್ತು ಮಾರು ದೂರ ಸರಿಯಾಂವ" ಎಂದರು.

ಮಧ್ಯಾಹ್ನದ ತನಕ ಎಲ್ಲಾ ಸೊಗಸಾಗಿತ್ತು. ಒಂದು ಬದಿ ಗುಡ್ಡ, ಒಂದು ಬದಿ ಕೆಳಗೆ ಹಸಿರು ನೀರು, ರಸ್ತೆಯ ಪಕ್ಕ ಕವಳಿಹಣ್ಣಿನ ಪೊದೆಗಳು. ಮುಕ್ಕಾಲು ಸುತ್ತು ಮುಗಿದ ಮೇಲೆ ಒಂದು ಪೊದೆಯಲ್ಲಿ ಕಪ್ಪಗೆ ಕಳಿತ ಹಣ್ಣು ಕಂಡು ನಾನು ಇಳಿದೆ. ಅವರು "ನೀ ತಿಂದ ಬಾ, ನಾ ಸಾವಕಾಶ ಮುಂದ ಹೊಂಟಿರ್ತೇನಿ" ಎಂದು ಹೋದರು. ಆಸೆಬುರುಕಿ ನಾನು, ಸೆರಗು ತುಂಬ ಹಣ್ಣು ಬಿಡಿಸಿಕೊಂಡು ತಲೆ ಎತ್ತಿದಾಗ ಕೊಂಕಣದ ಕಡೆಯಿಂದ ಮೋಡ ಏರಿ ಬಂದಿತ್ತು. ನೋಡುನೋಡುವಷ್ಟರಲ್ಲಿ ಗುಡ್ಡ ಹೋಯಿತು, ಕೆರೆ ಹೋಯಿತು, ಕೊನೆಗೆ ನನ್ನ ಸೈಕಲ್ಲಿನ ಮುಂದಿನ ಗಾಲಿ ಮಾತ್ರ ಉಳಿಯಿತು.

ಸೈಕಲ್ ಹತ್ತಿ ಎರಡು ಸಲ ಗಂಟೆ ಬಾರಿಸಿದೆ. ಮುಂದಿನಿಂದ ಒಂದು ಸಲ ಉತ್ತರ ಬಂತು, ಅದೇ ದಪ್ಪ ನಾದ. ಸದ್ಯ ಹತ್ತಿರವೇ ಇದ್ದಾರೆ ಎಂದು ನಿಧಾನವಾಗಿ ತುಳಿಯುತ್ತಾ ಹೋದೆ. ಮತ್ತೆ ಬಾರಿಸಿದೆ, ಮತ್ತೆ ಉತ್ತರ. ಹೀಗೆ ಸ್ವಲ್ಪ ದೂರ ಸಾಗಿದ ಮೇಲೆ ಗಾಲಿಯ ಕೆಳಗೆ ಏನೋ ಬದಲಾಯಿತು. ಮೆತ್ತನೆಯ ಮಣ್ಣಿನ ಬದಲು ಕಲ್ಲು ತಾಗುತ್ತಿತ್ತು, ಹ್ಯಾಂಡಲ್ ಕುಲುಕುತ್ತಿತ್ತು. ನಾನು ತುಳಿಯುವುದನ್ನು ಬಿಟ್ಟಿದ್ದರೂ ಸೈಕಲ್ ತಾನೇ ಇಳಿಯುತ್ತಿತ್ತು. ಮೂಗಿಗೆ ಹಸಿ ಕೆಸರಿನ ವಾಸನೆ ಬಡಿಯಿತು. ಆಗ ಹೊಳೆಯಿತು, ಇದು ಕೆಳದಾರಿ. ಅವರ ಗಂಟೆ ನನಗಿಂತ ಮುಂದೆ, ಇನ್ನೂ ಕೆಳಗೆ ಕೇಳುತ್ತಿದೆ.

ಮೊಣಕಾಲುದ್ದ ನೀರಿಗೆ ಹೆದರುವ ಮನುಷ್ಯ, ಮುಂದಿನದು ಕಾಣದ ಮಂಜಿನಲ್ಲಿ, ನೀರಿಗಿಳಿಯುವ ರಸ್ತೆಯಲ್ಲಿ ಹೋಗುತ್ತಿದ್ದಾರೆ. "ರೀ, ನಿಂದರ್ರಿ! ಕೆಳಗಿನ ದಾರಿ ಐತಿದು! ಮುಂದ ಹೋಗಬ್ಯಾಡ್ರಿ!" ಎಂದು ಒದರಿದೆ. ಉತ್ತರಕ್ಕೆ ಮಾತು ಬರಲಿಲ್ಲ, ಗಂಟೆ ಬಂತು. ಮೊದಲಿಗಿಂತ ತುಸು ದೂರದಿಂದ, ಒಂದೇ ಸಲ. ಬ್ರೇಕ್ ಬಿಟ್ಟು ಜೋರಾಗಿ ಇಳಿದೆ. ನನಗೆ ಸಿಟ್ಟೂ ಬಂದಿತ್ತು. ಜೀವ ಹೋಗುವ ಹೊತ್ತಿನಲ್ಲಿ ಇದೆಂಥ ಹುಡುಗಾಟ ಎಂದು ಬೈದುಕೊಳ್ಳುತ್ತಿದ್ದಾಗ ನಾನು ಬಾರಿಸದೆಯೇ, ಕೂಗದೆಯೇ ಗಂಟೆ ಇನ್ನೊಮ್ಮೆ ಆಯಿತು. ಕರೆದ ಹಾಗೆ ಆಯಿತು ಎಂದೇ ನನಗೆ ಅನ್ನಿಸಿದ್ದು.

ಮುಂದಿನ ಗಾಲಿ ನೀರಿಗೆ ಬಿದ್ದು ಸೈಕಲ್ ನಿಂತಿತು. ನಾನು ಮುಗ್ಗರಿಸಿ ಇಳಿದೆ, ಮೀನಖಂಡದ ತನಕ ತಣ್ಣೀರು. ಇಲ್ಲಿಂದ ಮುಂದೆ ರಸ್ತೆ ಇಲ್ಲ, ಕೆರೆ ಇದೆ. ಗಂಟೆ ಆ ಕೆರೆಯ ಮೇಲಿಂದ ಮತ್ತೊಮ್ಮೆ ಕೇಳಿಸಿತು.

ಆ ಕ್ಷಣ ನಾಚಿಕೆ, ರೂಢಿ, ಯಾವುದೂ ಉಳಿಯಲಿಲ್ಲ. ಹೊಟ್ಟೆಯೊಳಗಿನಿಂದ "ಬಾಳಾಸಾಹೇಬಾ!" ಎಂದು ಹೆಸರು ಹಿಡಿದು ಚೀರಿದೆ.

ಎರಡು ಉತ್ತರ ಬಂದವು. ಒಂದು "ಓ" ಮುಂದಿನಿಂದ, ನೀರಿನ ಮೇಲಿಂದ. ಹತ್ತಿರದಲ್ಲಿ, ಸ್ಪಷ್ಟವಾಗಿ, ಬಚ್ಚಲಮನೆಯಿಂದ ನನಗೆ ಓಗೊಡುವಾಗ ಇರುವ ಅವರದೇ ದನಿ. ಇನ್ನೊಂದು "ಓ" ಹಿಂದಿನಿಂದ, ಮೇಲಿನ ಗುಡ್ಡದ ಕಡೆಯಿಂದ. ಅದು ಕ್ಷೀಣವಾಗಿತ್ತು, ಒಡಕಾಗಿತ್ತು, ಯಾರೋ ಕುರಿ ಕಾಯುವವನದೂ ಆಗಿರಬಹುದಿತ್ತು. ಎರಡೂ ಒಟ್ಟಿಗೇ ಬಂದವು.

ನಾನು ಈಜು ಬಲ್ಲವಳು. ಮುಂದಿರುವುದು ಅವರೇ ಆಗಿದ್ದರೆ ನಾಲ್ಕು ಬೀಸಿಗೆ ತಲುಪಿ ಎಳೆದು ತರಬಲ್ಲೆ. ಹಿಂದಕ್ಕೆ ತಿರುಗಿದರೆ ಅವರನ್ನು ನೀರಿಗೆ ಬಿಟ್ಟಂತೆ. ಇದೆಲ್ಲ ಆ ಒಂದು ಉಸಿರಿನಲ್ಲಿ ನನಗೆ ಸ್ಪಷ್ಟವಾಗಿ ತಿಳಿದಿತ್ತು, ಗಾಬರಿಯಲ್ಲಿ ಬುದ್ಧಿ ಕೆಟ್ಟಿತ್ತು ಎಂದು ಹೇಳಲಾರೆ. ಹಾಗಿದ್ದೂ ನಾನು ಸೈಕಲ್ಲನ್ನು ನೀರಿನಲ್ಲೇ ಬಿಸಾಕಿ ತಿರುಗಿ ಏರು ಹತ್ತಿ ಓಡಿದೆ. ಬೆನ್ನ ಹಿಂದೆ ಗಂಟೆ ಇನ್ನೊಂದು ಸಲ ಆಯಿತು. ನಾನು ತಿರುಗಿ ನೋಡಲಿಲ್ಲ.

ಕವಲು ದಾರಿಯ ಹತ್ತಿರ ಮಂಜಿನೊಳಗಿಂದ ಒಂದು ಆಕಾರ ಎಡವುತ್ತಾ ಇಳಿದು ಬಂತು. ಅವರೇ. ಕೈಯೆಲ್ಲ ಕರಿ ಎಣ್ಣೆ.

"ಯಾಕ, ಏನಾತು? ಯಾಕ ಹಂಗ ಒದರಿದಿ?"

"ನೀವ ಗಂಟಿ ಬಾರ್ಸಿದ್ರಿಲ್ಲ?"

"ಎಲ್ಲೀ ಗಂಟಿ? ಚೈನ್ ಕಳಚೇತಿ ಅಂತ ಅವಾಗಿಂದ ಗಿಡದ ಬುಡಕ ಬಡದ್ಯಾಡಾಕತ್ತೇನಿ. ಸೈಕಲ್ ತೆಳಗ ಮ್ಯಾಲ ಮಾಡಿ ನಿಲ್ಲಿಸೇನಿ, ಗಂಟಿ ಮಣ್ಣಾಗ ಹುಗದೈತಿ."

ಹೋಗಿ ನೋಡಿದೆ, ನಿಜವಾಗಿತ್ತು. ಸೈಕಲ್ ಹ್ಯಾಂಡಲ್ ಮೇಲೆ ಬೋರಲಾಗಿ ನಿಂತಿತ್ತು, ಹಿತ್ತಾಳೆಯ ಗಂಟೆ ಕೆಮ್ಮಣ್ಣಿನಲ್ಲಿ ಅರ್ಧ ಹೂತಿತ್ತು. ಅವರಿಗೆ ಯಾವ ಗಂಟೆಯೂ ಕೇಳಿರಲಿಲ್ಲ, ನನ್ನದು ಕೂಡ. ಕೇಳಿದ್ದು ಅವರ ಹೆಸರೊಂದೇ. ಅವರ ತೋಳು ಹಿಡಿದು ನಾನು ಬಹಳ ಹೊತ್ತು ಅತ್ತೆ. ದಾರಿ ತಪ್ಪಿದ್ದಕ್ಕೆ ಅಳುತ್ತಿದ್ದಾಳೆ ಎಂದುಕೊಂಡ ಅವರು "ಸಿಕ್ಕಿಯಲ್ಲ, ಸುಮ್ಮನಾಗು" ಎಂದು ಬೆನ್ನು ಸವರಿದರು.

ಕತ್ತಲಾಗುವ ಮೊದಲು ಮಂಜು ಸರಿಯಿತು. ಇಬ್ಬರೂ ಕೆಳಗೆ ಹೋಗಿ ನನ್ನ ಸೈಕಲ್ ಎತ್ತಿದೆವು. ಅದರ ಮುಂದೆ ಹಳೆಯ ರಸ್ತೆ ನೀರಿನಡಿ ಸ್ವಲ್ಪ ದೂರ ಮಸುಕಾಗಿ ಕಾಣಿಸಿ ಆಮೇಲೆ ಇಲ್ಲವಾಗುತ್ತಿತ್ತು. ನೀರಿನ ಮೇಲೆ ಒಂದು ದೋಣಿಯೂ ಇರಲಿಲ್ಲ, ದಂಡೆಯಲ್ಲಿ ಮನುಷ್ಯರಿರಲಿಲ್ಲ. ಗಾಲಿಯ ಗುರುತು ಹುಡುಕೋಣವೆಂದರೆ ಕಲ್ಲಿನ ಮೇಲೆ ನನ್ನ ಗಾಲಿಯದೇ ಮೂಡಿರಲಿಲ್ಲ. ಚಹಾದಂಗಡಿಯ ಹೆಂಗಸನ್ನು ಕೆದಕಿ ಕೆದಕಿ ಕೇಳಿದೆ, ಇಲ್ಲಿ ಯಾರಾದರೂ ಸೈಕಲ್ಲಿನವರು ಮುಳುಗಿದ್ದರೇ, ಏನಾದರೂ ಕಥೆ ಇದೆಯೇ ಎಂದು. ಅಂಥ ಕಥೆ ಏನೂ ಇರಲಿಲ್ಲ. ಆಕೆ ನನ್ನನ್ನು ವಿಚಿತ್ರವಾಗಿ ನೋಡಿ ಇನ್ನೊಂದು ಕಪ್ ಚಹಾ ಕೊಟ್ಟಳು.

ಗುಡ್ಡಕ್ಕೆ ಬಡಿದು ನನ್ನ ಗಂಟೆಯೇ ಮರುದನಿಸಿರಬೇಕು ಎಂದು ಯಜಮಾನರು ಹೇಳಿದರು. ನಾನೂ ಅದನ್ನೇ ನಂಬಲು ಹೆಣಗಿದೆ. ಆದರೆ ಎರಡು ಸಲ ಬಾರಿಸಿದ್ದು ಒಂದು ಸಲವಾಗಿ ಹೇಗೆ ಮರಳುತ್ತದೆ? ಬಾರಿಸದೇ ಇದ್ದಾಗ ಮರಳಿದ್ದು ಯಾವುದು? ಹೋಗಲಿ, ಗಂಟೆಯದನ್ನು ಬಿಟ್ಟುಬಿಡುತ್ತೇನೆ. ಗುಡ್ಡಗಾಡಿನಲ್ಲಿ, ಮಂಜಿನಲ್ಲಿ ಕಿವಿ ಮೋಸ ಹೋಗಿರಬಹುದು. ಇಷ್ಟು ವರ್ಷಗಳಲ್ಲಿ ನನಗೆ ನಿಜವಾಗಿ ಬಿಡಿಸಲಾಗದೇ ಉಳಿದದ್ದು ಬೇರೆ.

ತೊಂಬತ್ತರ ದಶಕದಲ್ಲಿ ಒಂದು ಮಧ್ಯಾಹ್ನ ಅಂಗಡಿಗೆ ಊಟ ಒಯ್ದಿದ್ದೆ. ಅವರು ಗಾಲಿಯೊಂದರ ಕಡ್ಡಿ ಬಿಗಿಯುತ್ತಿದ್ದರು. ಮಾತಿಗೆ ಮಾತು ಬಂದು, ಅದುವರೆಗೆ ಹೇಳದೇ ಉಳಿಸಿಕೊಂಡಿದ್ದ ಆ ಎರಡು "ಓ"ಗಳ ವಿಷಯ ಹೇಳಿಬಿಟ್ಟೆ. ಯಾವುದು ಹತ್ತಿರವಿತ್ತು, ಯಾವುದು ಅವರ ದನಿಯಂತಿತ್ತು ಎಂಬುದನ್ನೂ ಮುಚ್ಚಿಡಲಿಲ್ಲ. ಅವರು ಗಾಲಿ ತಿರುಗಿಸುವುದನ್ನು ನಿಲ್ಲಿಸಿದರು. ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ.

"ಮತ್ತ ನೀರಾಗ ಇದ್ದಾಂವ ನಾನ ಆಗಿದ್ರ?" ಎಂದು ಕೇಳಿದರು.

ನಾನು ಬುತ್ತಿ ಬಿಚ್ಚಿ ರೊಟ್ಟಿ ಬಡಿಸಿದೆ. ಅವರು ಕೈ ತೊಳೆದು ಬಂದು ಊಟಕ್ಕೆ ಕೂತರು, ಮತ್ತೆ ಕೇಳಲಿಲ್ಲ.